ಆಡಮ್ಸ್ ಮನೆತನದ ಕಾಗದಪತ್ರಗಳು: ಒಂದೇ ಪತ್ರ ಎರಡು ಪುಸ್ತಕಗಳಲ್ಲಿ ಎರಡು ಬಗೆಯಾಗಿ ಕಾಣುವುದೇಕೆ?

ಪ್ರಶ್ನೆ: ನಾನು ಪದವಿ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುತ್ತೇನೆ. ಅಮೆರಿಕದ ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ, ಮುಂದೆ ಆ ದೇಶದ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸ್ ತನ್ನ ಪತ್ನಿ ಅಬಿಗೇಲಳಿಗೆ 1776ರ ಜುಲೈನಲ್ಲಿ ಬರೆದ ಪತ್ರವನ್ನು ಉದ್ಧರಿಸುತ್ತೇನೆ. ಒಂದು ಪುಸ್ತಕದಲ್ಲಿ ಆತ ಜುಲೈ 2ನ್ನು ಹಬ್ಬದ ದಿನವೆಂದು ಹೊಗಳಿದ್ದಾನೆ. ಇನ್ನೊಂದು ಹಳೆಯ ಸಂಕಲನದಲ್ಲಿ ಅದೇ ಮಾತು ಜುಲೈ 4ರ ಬಗ್ಗೆ ಇದೆ. ಯಾವುದು ಸರಿ? ಈ ಕುಟುಂಬದ ಖಾಸಗಿ ಕಾಗದಗಳು ಇಷ್ಟೊಂದು ಪ್ರಮಾಣದಲ್ಲಿ ಉಳಿದದ್ದು ಹೇಗೆ, ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು, ಇಲ್ಲಿಂದಲೇ ಓದಲು ದಾರಿಯಿದೆಯೇ?

ಉತ್ತರ: ಜುಲೈ 2 ಎಂದಿರುವ ಪುಸ್ತಕವೇ ಸರಿ. ಫಿಲಡೆಲ್ಫಿಯಾದಲ್ಲಿ ಸೇರಿದ್ದ, ಅಮೆರಿಕದ ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ ಸ್ವಾತಂತ್ರ್ಯದ ನಿರ್ಣಯವನ್ನು ಅಂಗೀಕರಿಸಿದ್ದು 1776ರ ಜುಲೈ 2ರಂದು. ಥಾಮಸ್ ಜೆಫರ್ಸನ್ ಬರೆದ ಸ್ವಾತಂತ್ರ್ಯ ಘೋಷಣೆಯ ಪಾಠವನ್ನು ತಿದ್ದಿ ಒಪ್ಪಿಕೊಂಡದ್ದು ಜುಲೈ 4ರಂದು. ನಡುವಿನ ದಿನ, ಅಂದರೆ ಜುಲೈ 3ರಂದು, ಆಡಮ್ಸ್ ಮನೆಗೆ ಎರಡು ಪತ್ರ ಬರೆದ. 1776ರ ಜುಲೈ ಎರಡನೆಯ ದಿನ ಅಮೆರಿಕದ ಚರಿತ್ರೆಯಲ್ಲೇ ಅತ್ಯಂತ ಸ್ಮರಣೀಯವಾಗುವುದೆಂದೂ, ಮುಂದಿನ ತಲೆಮಾರುಗಳು ಅದನ್ನು ಮೆರವಣಿಗೆ, ಆಟೋಟ, ಗುಂಡಿನ ಸದ್ದು, ಗಂಟೆಯ ನಾದ, ದೀಪಾಲಂಕಾರಗಳೊಂದಿಗೆ ಖಂಡದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಆಚರಿಸುವರೆಂದೂ ಆತ ಹೇಳಿದ್ದು ಅವುಗಳಲ್ಲೊಂದರಲ್ಲಿ. ಜನ ಹಬ್ಬವನ್ನೇನೋ ಆತ ಹೇಳಿದಂತೆಯೇ ಮಾಡಿದರು, ಆದರೆ ಜುಲೈ 4ರಂದು ಮಾಡಿದರು. ಮುಂದೆ ಈ ಮಾತುಗಳು ಅಚ್ಚಿಗೆ ಹೋದಾಗ, ಆಚರಣೆಯಲ್ಲಿರುವ ಹಬ್ಬಕ್ಕೂ ಪತ್ರಕ್ಕೂ ತಾಳೆಯಾಗಲಿ ಎಂದು ಎರಡು ಪತ್ರಗಳನ್ನು ಹೊಲಿದು ಒಂದಾಗಿಸಿ, ತಾರೀಖನ್ನು ಜುಲೈ 5 ಮಾಡಿ, ಎರಡನೆಯ ದಿನವನ್ನು ನಾಲ್ಕನೆಯ ದಿನವೆಂದು ತಿದ್ದಿದರು. ಹಾಗೆ ತಿದ್ದಿದ ಪಾಠ ಭಾಷಣಗಳಿಗೂ ಸಂಕಲನಗಳಿಗೂ ಹರಿದುಹೋಯಿತು. ತಮ್ಮ ಹಳೆಯ ಪುಸ್ತಕ ಆ ಸಾಲಿಗೆ ಸೇರಿದ್ದು. ಮೂಲಪತ್ರ ಇಂದಿಗೂ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಇರುವುದರಿಂದ ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ತಮ್ಮ ಉಳಿದ ಪ್ರಶ್ನೆಗಳೂ ಇದರ ಒಳಗೇ ಇವೆ. ಆಡಮ್ಸ್ ಮನೆತನದ ಯಾವ ಕಾಗದವನ್ನೇ ಕೈಗೆತ್ತಿಕೊಂಡರೂ ಅದು ಏನು ಹೇಳುತ್ತದೆ ಎಂದು ನೋಡುವ ಮೊದಲು, ನಮ್ಮ ಮುಂದಿರುವುದು ಯಾವ ಪ್ರತಿ, ಯಾರು ಯಾವಾಗ ಬರೆದದ್ದು, ನಡುವೆ ಯಾರ ಕೈ ಆಡಿದೆ ಎಂದು ಕೇಳಬೇಕಾಗುತ್ತದೆ. ಹೀಗೆ ಕೇಳಿದರೆ ಉತ್ತರ ಸಿಗುವಂತಹ ಸಂಗ್ರಹಗಳು ಜಗತ್ತಿನಲ್ಲಿ ಬಹಳ ಇಲ್ಲ. ಈ ಸಂಗ್ರಹದ ಬೆಲೆ ನನ್ನ ದೃಷ್ಟಿಯಲ್ಲಿ ಇರುವುದು ಅಲ್ಲೇ.

ಉಳಿದದ್ದು ಹೇಗೆ ಎಂಬುದನ್ನು ಮೊದಲು ಹೇಳುತ್ತೇನೆ. ಹಳೆಯ ಕಾಗದಗಳು ಸಾಮಾನ್ಯವಾಗಿ ಉಳಿಯುವುದು ಆಕಸ್ಮಿಕವಾಗಿ; ಇವು ಉಳಿದದ್ದು ಸಂಕಲ್ಪದಿಂದ. 1774ರಲ್ಲಿ, ಇನ್ನೂ ಯುದ್ಧವೇ ಶುರುವಾಗದಿದ್ದಾಗ, ಕೋರ್ಟು ಕೆಲಸಕ್ಕೆಂದು ಊರೂರು ಸುತ್ತುತ್ತಿದ್ದ ವಕೀಲ ಜಾನ್ ಆಡಮ್ಸ್ ತನ್ನ ಪತ್ರಗಳನ್ನು ಜೋಪಾನವಾಗಿ ಎತ್ತಿಡುವಂತೆ ಹೆಂಡತಿಗೆ ಬರೆದ. ಈ ಸಂಕಟದ ದಿನಗಳ ಜನರ ನಡೆನುಡಿ, ಅಭಿಪ್ರಾಯಗಳ ಒಂದು ಚಿತ್ರ ಮುಂದಿನವರಿಗೆ ಅವುಗಳಿಂದ ಸಿಕ್ಕೀತು ಎಂಬುದು ಆತನ ಕಾರಣ. ಅಬಿಗೇಲಳಿಗೆ ತನ್ನ ಪತ್ರಗಳ ಬಗ್ಗೆ ಅಂತಹ ಭರವಸೆ ಇರಲಿಲ್ಲ. ಶಾಲೆಗೆ ಹೋಗದೆ ಮನೆಯಲ್ಲೇ ಓದು ಕಲಿತ ಆಕೆಗೆ ತನ್ನ ಕಾಗುಣಿತ, ವಿರಾಮಚಿಹ್ನೆಗಳ ಬಗ್ಗೆ ಸಂಕೋಚವಿತ್ತು. ಪತ್ರಗಳನ್ನು ಸುಟ್ಟುಬಿಡು ಎಂದು 1776ರ ಏಪ್ರಿಲ್‌ನಲ್ಲಿ ಆಕೆ ಕೇಳಿಕೊಂಡಳು. ಸುಡಬೇಕಾದರೆ ಮೊದಲು ನಿನ್ನನ್ನೇ ಮರೆಯಬೇಕಾದೀತು ಎಂದು ಅದೇ ತಿಂಗಳ 28ರಂದು ಆತ ಉತ್ತರಿಸಿದ. ಜೂನ್ 2ರಂದು ಬರೆದ ಇನ್ನೊಂದು ಪತ್ರ ಈ ಸಂಗ್ರಹದ ಜನ್ಮಪತ್ರಿಕೆಯಂತಿದೆ. ಇಪ್ಪತ್ತು ವರ್ಷಗಳಿಂದ ಪತ್ರ ಬರೆಯುತ್ತಿದ್ದರೂ ತಾನು ಒಂದರ ನಕಲನ್ನೂ ಇಟ್ಟುಕೊಂಡಿಲ್ಲವೆಂದೂ, ಈಗ ಒಂದು ದೊಡ್ಡ ಹಾಳೆಗಳ ಪುಸ್ತಕ ಕೊಂಡಿದ್ದೇನೆಂದೂ, ಇನ್ನು ಮುಂದೆ ಪತ್ರಗಳನ್ನು ಮೊದಲು ಅದರಲ್ಲೇ ಬರೆಯುತ್ತೇನೆಂದೂ ಆತ ತಿಳಿಸಿದ. ನಿನ್ನ ಪತ್ರಗಳು ನನ್ನವುಗಳಿಗಿಂತ ಕಾಪಿಡಲು ಯೋಗ್ಯವಾದವು, ನೀನೂ ಇಂತಹದೊಂದು ಪುಸ್ತಕ ಇಟ್ಟುಕೋ, ಮಕ್ಕಳು ಅದರಿಂದ ನಕಲು ತೆಗೆದುಕೊಟ್ಟರೆ ಅವರ ಕೈಬರಹವೂ ಸುಧಾರಿಸುತ್ತದೆ ಎಂದು ಸೇರಿಸಿದ. ಅಲ್ಲಿಂದ ಆಚೆಗೆ ಆತನ ಎಷ್ಟೋ ಪತ್ರಗಳು ಎರಡು ರೂಪದಲ್ಲಿ ಉಳಿದಿವೆ: ಒಂದು ಕಳುಹಿಸಿದ ಪ್ರತಿ, ಇನ್ನೊಂದು ನಕಲು ಪುಸ್ತಕದ ಪ್ರತಿ.

ಇದರ ಮಹತ್ವ ತಿಳಿಯಲು ಅದೇ ಕಾಲದ ಬೇರೆ ಮನೆಗಳತ್ತ ನೋಡಬೇಕು. ಜಾರ್ಜ್ ವಾಷಿಂಗ್ಟನ್ ತೀರಿಕೊಂಡ ಮೇಲೆ ಮಾರ್ಥಾ ವಾಷಿಂಗ್ಟನ್ ತಮ್ಮಿಬ್ಬರ ನಡುವಿನ ಪತ್ರಗಳನ್ನು ಸುಟ್ಟಳು. ಬೆರಳೆಣಿಕೆಯಷ್ಟು ಮಾತ್ರ ತಪ್ಪಿಸಿಕೊಂಡು ಉಳಿದವು. ಥಾಮಸ್ ಜೆಫರ್ಸನ್ ಮತ್ತು ಆತನ ಪತ್ನಿಯ ನಡುವಿನ ಪತ್ರ ಒಂದೂ ಉಳಿದಿಲ್ಲ. ಜಾನ್ ಮತ್ತು ಅಬಿಗೇಲರ ನಡುವೆ 1762ರಿಂದ 1801ರವರೆಗೆ ಓಡಾಡಿದ ಪತ್ರಗಳಲ್ಲಿ ಇಂದು ದೊರೆಯುವವು 1,100ಕ್ಕೂ ಹೆಚ್ಚು. ಕ್ರಾಂತಿಯ ಕಾಲದ ಒಂದು ಮನೆಯ ಒಳಗೆ ಗಂಡ ಹೆಂಡಿರು ಹೇಗೆ ಮಾತಾಡಿಕೊಂಡರು ಎಂದು ತಿಳಿಯಬೇಕಾದರೆ ಚರಿತ್ರಕಾರರು ಮತ್ತೆ ಮತ್ತೆ ಈ ಒಂದೇ ಮನೆಯ ಬಾಗಿಲು ತಟ್ಟುವುದಕ್ಕೆ ಕಾರಣ ಇದೇ. ಬೇರೆ ಮನೆಗಳಲ್ಲೂ ಹೀಗೇ ಇತ್ತೆಂದು ಇದರಿಂದ ಊಹಿಸಿಬಿಡುವ ಅಪಾಯವನ್ನೂ ಅದರ ಜೊತೆಗೇ ನೆನಪಿಡಬೇಕು.

ಬರೆಯುವ ಚಟ ಮಗನಿಗೆ ಇನ್ನೂ ಹೆಚ್ಚಾಗಿಯೇ ಅಂಟಿತು. 1779ರ ನವೆಂಬರ್ 12ರಂದು, ತಂದೆಯೊಂದಿಗೆ ಎರಡನೆಯ ಸಲ ಯುರೋಪಿಗೆ ಹೊರಟಾಗ, ಹನ್ನೆರಡು ವರ್ಷದ ಜಾನ್ ಕ್ವಿನ್ಸಿ ಆಡಮ್ಸ್ ದಿನಚರಿ ತೆರೆದ. ಅಲ್ಲಲ್ಲಿ ಬಿಡುವು ಕೊಟ್ಟರೂ 1848ರಲ್ಲಿ ಸಾಯುವ ವರ್ಷದವರೆಗೆ ಅದನ್ನು ನಡೆಸಿಕೊಂಡು ಬಂದ: 51 ಸಂಪುಟ, 14 ಸಾವಿರಕ್ಕೂ ಮೀರಿದ ಪುಟ. ರಷ್ಯಾದಲ್ಲಿ ಅಮೆರಿಕದ ರಾಯಭಾರಿ, ವಿದೇಶಾಂಗ ಕಾರ್ಯದರ್ಶಿ, ಅಧ್ಯಕ್ಷ, ಆ ಬಳಿಕ ಹದಿನೇಳು ವರ್ಷ ಪ್ರತಿನಿಧಿಸಭೆಯ ಸದಸ್ಯ, ಹೀಗೆ ಯಾವ ಹುದ್ದೆಯಲ್ಲಿದ್ದರೂ ಬರವಣಿಗೆ ನಿಲ್ಲಲಿಲ್ಲ. ಗುಲಾಮಗಿರಿಯ ವಿರುದ್ಧದ ಮನವಿಗಳನ್ನು ಚರ್ಚೆಗೇ ತೆಗೆದುಕೊಳ್ಳಬಾರದೆಂದು ಪ್ರತಿನಿಧಿಸಭೆ 1836ರಲ್ಲಿ ಹಾಕಿಕೊಂಡ ನಿಯಮವನ್ನು 1844ರಲ್ಲಿ ತೆಗೆದುಹಾಕುವವರೆಗೂ ಆತ ನಡೆಸಿದ ಹೋರಾಟವನ್ನು ಒಳಗಿನಿಂದ ನೋಡಬೇಕಾದರೆ ಈ ದಿನಚರಿಗೆ ಸಮನಾದ ಆಕರ ಇನ್ನೊಂದಿಲ್ಲ. ಆದರೂ ಓದುವಾಗ ಒಂದು ಎಚ್ಚರ ಬೇಕು. ಆತ ಕೆಲವು ಸಂಪುಟಗಳಲ್ಲಿ ದಿನಕ್ಕೊಂದೇ ಸಾಲಿನ ಟಿಪ್ಪಣಿ ಬರೆದುಕೊಳ್ಳುತ್ತಿದ್ದ. ಕೆಲಸದ ಒತ್ತಡದಲ್ಲಿ ದೀರ್ಘ ಬರಹ ಹಿಂದೆ ಬಿದ್ದಾಗ, ಆ ಸಾಲುಗಳನ್ನು ಮುಂದಿಟ್ಟುಕೊಂಡು ಬಿಟ್ಟುಹೋದ ದಿನಗಳನ್ನು ಆಮೇಲೆ ತುಂಬುತ್ತಿದ್ದ. ಹಾಗಾಗಿ ಪುಟದ ಮೇಲಿರುವ ತಾರೀಖು ಘಟನೆಯದು. ಬರೆದದ್ದೂ ಅದೇ ದಿನ ಎಂದು ಹೇಳಲು ಬರುವುದಿಲ್ಲ.

ಆತನ ಪತ್ನಿ ಲೂಯಿಸಾ ಕ್ಯಾಥರೀನಳ ಬರಹಗಳನ್ನು ಬಹುಕಾಲ ಯಾರೂ ಸರಿಯಾಗಿ ಗಮನಿಸಲಿಲ್ಲ. 1815ರ ಚಳಿಗಾಲದಲ್ಲಿ, ನೆಪೋಲಿಯನ್ ಎಲ್ಬಾದಿಂದ ತಪ್ಪಿಸಿಕೊಂಡು ಮರಳುತ್ತಿದ್ದ ವಾರಗಳಲ್ಲೇ, ಆಕೆ ಏಳು ವರ್ಷದ ಮಗನನ್ನು ಕಟ್ಟಿಕೊಂಡು ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಪ್ಯಾರಿಸ್ಸಿಗೆ ಸುಮಾರು ನಲವತ್ತು ದಿನ ಗಾಡಿಯಲ್ಲಿ ಪಯಣಿಸಿದಳು. ಆ ಪ್ರಯಾಣದ ಕಥನ ಅದ್ಭುತವಾಗಿದೆ, ವಿದ್ಯಾರ್ಥಿಗಳಿಗೆ ಖಂಡಿತ ಓದಿಸಬೇಕು. ಆದರೆ ಅದನ್ನು ಬರೆದದ್ದು 1836ರಲ್ಲಿ, ಇಪ್ಪತ್ತೊಂದು ವರ್ಷ ಕಳೆದ ಮೇಲೆ. ಮಾವ ಜಾನ್ ಆಡಮ್ಸ್‌ನ ಆತ್ಮಕಥೆಯೂ ಇಂತಹದೇ. 1802ರಲ್ಲಿ, ಅಧ್ಯಕ್ಷ ಪದವಿಯನ್ನು ಕಳೆದುಕೊಂಡ ಕಹಿ ಇನ್ನೂ ಹಸಿಯಾಗಿದ್ದಾಗ ಶುರುಮಾಡಿದ ಆ ಕೃತಿಯಲ್ಲಿ ಹಳೆಯ ಎದುರಾಳಿಗಳ ಲೆಕ್ಕ ತೀರಿಸುವ ಹಂಬಲ ಎದ್ದು ಕಾಣುತ್ತದೆ. ಒಂದೇ ಘಟನೆಗೆ ಆತನ ದಿನಚರಿಯೂ ಆತ್ಮಕಥೆಯೂ ಇದ್ದು ಅವೆರಡೂ ಭಿನ್ನವಾದರೆ ನಾನು ದಿನಚರಿಯ ಕಡೆಗೇ ವಾಲುತ್ತೇನೆ. ಆತ್ಮಕಥೆಯನ್ನು 1802ರ ಮನಸ್ಸಿನ ದಾಖಲೆಯಾಗಿ ಓದುತ್ತೇನೆ.

ಈಗ ಸಂಪಾದಕರ ವಿಷಯ. ಲೂಯಿಸಾಳೊಂದಿಗೆ ಆ ಗಾಡಿಯಲ್ಲಿ ಕೂತು ಬಂದ ಹುಡುಗನೇ ಚಾರ್ಲ್ಸ್ ಫ್ರಾನ್ಸಿಸ್ ಆಡಮ್ಸ್. ಮುಂದೆ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿ ರಾಯಭಾರಿಯಾಗಿದ್ದವನು. ತಾತ, ಅಜ್ಜಿ, ತಂದೆಯರ ಕಾಗದಗಳನ್ನು ಮೊದಲ ಬಾರಿಗೆ ಸಾಲಾಗಿ ಅಚ್ಚಿಗೆ ತಂದವನು ಈತ. 1840ರಲ್ಲಿ ಅಜ್ಜಿಯ ಪತ್ರಗಳು, 1850ರಿಂದ 1856ರವರೆಗೆ ತಾತನ ಬರಹಗಳ ಹತ್ತು ಸಂಪುಟ, 1874ರಿಂದ 1877ರವರೆಗೆ ತಂದೆಯ ದಿನಚರಿಯ ಹನ್ನೆರಡು ಸಂಪುಟ, ನಡುವೆ 1876ರಲ್ಲಿ ಸ್ವಾತಂತ್ರ್ಯದ ಶತಮಾನೋತ್ಸವಕ್ಕೆ ಅಜ್ಜ ಅಜ್ಜಿಯರ ಪತ್ರಗಳ ಜಂಟಿ ಸಂಕಲನ. ಕಾಗದಗಳನ್ನು ಬೆಂಕಿ ತಾಗದ ಕಟ್ಟಡದಲ್ಲಿ ಇಡಬೇಕೆಂಬ ತಂದೆಯ ಉಯಿಲಿನ ಆಶಯವನ್ನು ನೆರವೇರಿಸಿ, ಕ್ವಿನ್ಸಿ ಎಂಬ ಊರಿನಲ್ಲಿದ್ದ ಕುಟುಂಬದ ಹಳೆಯ ಮನೆಯ ಪಕ್ಕದಲ್ಲಿ ಕಲ್ಲಿನ ಗ್ರಂಥಾಲಯವನ್ನು 1870ರ ಹೊತ್ತಿಗೆ ಕಟ್ಟಿಸಿದವನೂ ಈತನೇ. ಆ ಕಟ್ಟಡ ಇಂದು ರಾಷ್ಟ್ರೀಯ ಸ್ಮಾರಕದ ಭಾಗವಾಗಿ ನಿಂತಿದೆ. ಇಷ್ಟು ಮಾಡಿದವನಿಗೆ ಋಣಿಯಾಗಿರಲೇಬೇಕು. ಆದರೆ ಆತ ಮೊಮ್ಮಗ, ಜೊತೆಗೆ ಹತ್ತೊಂಬತ್ತನೆಯ ಶತಮಾನದ ಸಭ್ಯ ಗೃಹಸ್ಥ. ಅಜ್ಜಿಯ ಕಾಗುಣಿತ ತಿದ್ದಿದ, ವಿರಾಮಚಿಹ್ನೆ ಸೇರಿಸಿದ, ಮನೆಯೊಳಗಿನ ವಿಷಯ ಎನಿಸಿದ್ದನ್ನು ಕೈಬಿಟ್ಟ. ತಂದೆಯ ದಿನಚರಿಯ ಹನ್ನೆರಡು ಸಂಪುಟಗಳ ಶೀರ್ಷಿಕೆಯಲ್ಲೇ ಇವು ಆಯ್ದ ಭಾಗಗಳು ಎಂದು ಪ್ರಾಮಾಣಿಕವಾಗಿ ಹೇಳಿದ್ದಾನೆ. ಆತ ಕದ್ದು ಮುಚ್ಚಿ ಏನೂ ಮಾಡಲಿಲ್ಲ. ಕುಟುಂಬದ ಸಾರ್ವಜನಿಕ ಮುಖವೇ ಓದುಗರಿಗೆ ಬೇಕಾದದ್ದು ಎಂದು ನಂಬಿದ. ಆ ನಂಬಿಕೆಯ ಫಲವಾಗಿ ಸುಮಾರು ಒಂದು ಶತಮಾನ ಜಗತ್ತು ಕಂಡದ್ದು ಬಾಚಿ ಬೈತಲೆ ತೆಗೆದ ಆಡಮ್ಸರನ್ನು.

ಆ ಶತಮಾನದ ಉತ್ತರಾರ್ಧದಲ್ಲಿ ಮೂಲಗಳನ್ನು ನೋಡಿ ತಾಳೆಹಾಕುವುದೂ ಕಷ್ಟವಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಗದಗಳು ಕ್ವಿನ್ಸಿಯಿಂದ ಬಾಸ್ಟನ್ನಿನ ಹಿಸ್ಟಾರಿಕಲ್ ಸೊಸೈಟಿಯ ಕಟ್ಟಡಕ್ಕೆ ಬಂದವು. 1791ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ಅವುಗಳನ್ನು ಕಾಪಾಡಿತು. ಒಡೆತನ ಮಾತ್ರ ಕುಟುಂಬದ್ದೇ ಆಗಿತ್ತು. 1905ರಲ್ಲಿ ಕುಟುಂಬದವರು ಐವತ್ತು ವರ್ಷಗಳ ಅವಧಿಗೆ ಒಂದು ಟ್ರಸ್ಟ್ ರಚಿಸಿದರು. ಆ ಅವಧಿಯಲ್ಲಿ ಒಳಗೆ ಬಿಟ್ಟುಕೊಂಡದ್ದು ಕೆಲವೇ ವಿದ್ವಾಂಸರನ್ನು. ಅವಧಿ ಮುಗಿದ ಮೇಲೆ, 1956ರಲ್ಲಿ, ಎಲ್ಲವನ್ನೂ ಸೊಸೈಟಿಗೆ ದಾನವಾಗಿ ಒಪ್ಪಿಸಿದರು. ಅದಕ್ಕೂ ಮೊದಲೇ, 1954ರಲ್ಲಿ, ಲೈಮನ್ ಬಟರ್‌ಫೀಲ್ಡ್ ಪ್ರಧಾನ ಸಂಪಾದಕತ್ವದಲ್ಲಿ ಸಂಪಾದನಾ ಯೋಜನೆ ಆರಂಭವಾಗಿತ್ತು. ಮೊದಲು ಮಾಡಿದ ಕೆಲಸ ಇಡೀ ಸಂಗ್ರಹದ ಮೈಕ್ರೋಫಿಲ್ಮ್, ಅಂದರೆ ಪುಟಗಳ ಕಿರು ಛಾಯಾಚಿತ್ರಗಳ ಸುರುಳಿಗಳು: 1639ರಿಂದ 1889ರವರೆಗಿನ ಕಾಗದಗಳು, ಎರಡೂವರೆ ಲಕ್ಷಕ್ಕೂ ಹೆಚ್ಚು ಪುಟ, 608 ಸುರುಳಿ. ದೂರದ ಗ್ರಂಥಾಲಯಗಳೂ ಅದನ್ನು ಕೊಂಡವು. ಯಾರ ಶಿಫಾರಸೂ ಇಲ್ಲದೆ ಒಬ್ಬ ಸಂಶೋಧನಾ ವಿದ್ಯಾರ್ಥಿ ಆಡಮ್ಸರ ಮೂಲಕ್ಕೆ ಮುಖಾಮುಖಿಯಾಗಲು ಸಾಧ್ಯವಾದದ್ದು ಆಗ. ಜಾನ್ ಆಡಮ್ಸ್‌ನ ದಿನಚರಿ ಮತ್ತು ಆತ್ಮಕಥೆ ನಾಲ್ಕು ಸಂಪುಟಗಳಾಗಿ 1961ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಿಂದ ಹೊರಬಂದವು. ಅಧ್ಯಕ್ಷ ಜಾನ್ ಎಫ್. ಕೆನಡಿ ಅಧಿಕಾರದಲ್ಲಿದ್ದಾಗಲೇ ಅವುಗಳ ವಿಮರ್ಶೆ ಬರೆದರು. ಆ ಯೋಜನೆ ಇನ್ನೂ ನಡೆದಿದೆ.

ನಮ್ಮಲ್ಲಿ ಗ್ರಂಥಸಂಪಾದನೆ ಮಾಡಿದವರಿಗೆ ಬಟರ್‌ಫೀಲ್ಡ್ ತಂಡದ ಕ್ರಮ ಹೊಸದೆನಿಸದು. ಬರೆದವರ ಕಾಗುಣಿತವನ್ನು ಇದ್ದಂತೆಯೇ ಇಡುವುದು, ಹೊಡೆದುಹಾಕಿದ ಪದ ಅರ್ಥಕ್ಕೆ ಬೇಕಾದರೆ ತೋರಿಸುವುದು, ಕಳುಹಿಸಿದ ಪ್ರತಿಗೂ ನಕಲು ಪುಸ್ತಕಕ್ಕೂ ಇರುವ ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು, ಹಿಂದಿನ ಅಚ್ಚಿನ ಪಾಠ ಎಲ್ಲಿ ತಪ್ಪಿದೆಯೆಂದು ಹೇಳುವುದು. ತಮ್ಮ ಜುಲೈ 3ರ ಪತ್ರದ ಕತೆಯೂ ಅಲ್ಲಿ ಟಿಪ್ಪಣಿಯಾಗಿ ಇದೆ.

ಒಂದು ಪತ್ರವನ್ನು ಹತ್ತಿರದಿಂದ ನೋಡೋಣ. ಮಹಿಳೆಯರನ್ನು ಮರೆಯಬೇಡಿ ಎಂದು ಅಬಿಗೇಲ್ 1776ರ ಮಾರ್ಚ್ 31ರಂದು ಬರೆದದ್ದು ಜಗತ್ಪ್ರಸಿದ್ಧ. ತಾವೂ ಪಾಠದಲ್ಲಿ ಹೇಳಿರಬಹುದು. ಎಲ್ಲೆಡೆ ಉದ್ಧೃತವಾಗುವುದು ಐದಾರು ವಾಕ್ಯ. ಪೂರ್ತಿ ಪತ್ರ ಶುರುವಾಗುವುದು ಒಂದು ದೂರಿನಿಂದ: ನಾನು ಬರೆಯುವುದರ ಅರ್ಧದಷ್ಟು ಉದ್ದದ ಪತ್ರವನ್ನಾದರೂ ನೀನು ಬರೆಯಬಾರದೇ ಎಂದು. ಆಮೇಲೆ ವರ್ಜೀನಿಯಾದವರ ಬಗ್ಗೆ ಒಂದು ಖಾರವಾದ ಸಂದೇಹ: ತಮ್ಮಂತಹ ಮನುಷ್ಯರ ಸ್ವಾತಂತ್ರ್ಯವನ್ನು ಕಿತ್ತುಕೊಂಡು ಅಭ್ಯಾಸವಾದವರ ಎದೆಯಲ್ಲಿ ಸ್ವಾತಂತ್ರ್ಯದ ಹಂಬಲ ನಮ್ಮಷ್ಟೇ ತೀವ್ರವಾಗಿರಲು ಸಾಧ್ಯವೇ? ಅನಂತರ, ಎರಡು ವಾರದ ಹಿಂದೆಯಷ್ಟೇ ಬ್ರಿಟಿಷ್ ಸೈನ್ಯ ಬಾಸ್ಟನ್ ಬಿಟ್ಟು ಹೋಗಿದ್ದರಿಂದ, ಅಲ್ಲಿದ್ದ ತಮ್ಮ ಮನೆಯ ಸ್ಥಿತಿ: ಸೇನಾ ವೈದ್ಯನೊಬ್ಬ ಅದರಲ್ಲಿ ಇಳಿದುಕೊಂಡಿದ್ದ, ಮನೆ ಕೊಳಕಾಗಿದೆ, ಬೇರೆ ಹಾನಿಯಿಲ್ಲ, ಸಿಡುಬಿನ ಭಯದಿಂದ ತಾನೇ ಹೋಗಿ ನೋಡಲು ಧೈರ್ಯವಿಲ್ಲ. ಇವೆಲ್ಲ ಆದ ಮೇಲೆ, ಹೊಸ ಕಾನೂನು ಮಾಡುವಾಗ ಗಂಡಂದಿರ ಕೈಗೆ ಮಿತಿಯಿಲ್ಲದ ಅಧಿಕಾರ ಕೊಡಬೇಡಿ, ಸಾಧ್ಯವಾದರೆ ಎಲ್ಲ ಗಂಡಸರೂ ನಿರಂಕುಶರಾಗುವವರೇ ಎಂಬ ಮಾತು ಬರುತ್ತದೆ.

ಪತ್ರ ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನು ಬಹಳ ಪುಸ್ತಕಗಳು ಹೇಳುವುದೇ ಇಲ್ಲ. ಕಳುಹಿಸುವ ಅವಕಾಶ ಸಿಗದೆ ಪತ್ರ ಮನೆಯಲ್ಲೇ ಉಳಿಯಿತು. ಏಪ್ರಿಲ್ 5ರಂದು ಅಬಿಗೇಲ್ ಮತ್ತೆ ಲೇಖನಿ ಎತ್ತಿದಳು. ಈ ಸಲ ಮನಸ್ಸು ಮೊದಲಿನಷ್ಟು ಗೆಲುವಾಗಿಲ್ಲ ಎಂದು ಆಕೆಯೇ ಹೇಳುತ್ತಾಳೆ. ನೆರೆಮನೆಯ ರೋಗಿಗಳ ಕೋಣೆಯಲ್ಲಿ ಆಕೆ ಶುಶ್ರೂಷೆಗೆ ಕೂತಿದ್ದಳು. ಆ ಮನೆಯ ಇಬ್ಬರು ಮಕ್ಕಳು ಗಂಟಲ ಜ್ವರದಿಂದ ಒಂದೇ ವಾರದಲ್ಲಿ ತೀರಿಕೊಂಡಿದ್ದರು. ಹೆಣ್ಣಿನ ಹಕ್ಕಿನ ಮಾತು, ಗುಲಾಮಗಿರಿಯ ಮೇಲಿನ ಅಸಹನೆ, ಮನೆಯ ಕಸ, ಸಿಡುಬು, ಸತ್ತ ಮಕ್ಕಳು, ಇವೆಲ್ಲ ಒಂದೇ ಪತ್ರದಲ್ಲಿ ಇವೆ. ಐದು ವಾಕ್ಯಗಳನ್ನು ಮಾತ್ರ ಕಿತ್ತು ತೆಗೆದಾಗ ಅಬಿಗೇಲ್ ವೇದಿಕೆಯ ಮೇಲೆ ನಿಂತ ಭಾಷಣಕಾರ್ತಿಯಾಗುತ್ತಾಳೆ. ಪೂರ್ತಿ ಓದಿದಾಗ, ಯುದ್ಧ ಮತ್ತು ಸಾಂಕ್ರಾಮಿಕದ ನಡುವೆ ಒಬ್ಬಳೇ ಸಂಸಾರ, ಹೊಲ ನೋಡಿಕೊಳ್ಳುತ್ತಿದ್ದವಳು ಎಂತಹ ಹೊತ್ತಿನಲ್ಲಿ ಈ ಮಾತನ್ನು ಆಡಿದಳು ಎಂದು ಗೊತ್ತಾಗುತ್ತದೆ. ಆ ಮಾತು ಅದರಿಂದ ಇನ್ನಷ್ಟು ಭಾರವಾಗುತ್ತದೆ ಎಂದೇ ನನ್ನ ಅಭಿಪ್ರಾಯ. ಏಪ್ರಿಲ್ 14ರ ಉತ್ತರದಲ್ಲಿ ಜಾನ್ ಇದನ್ನು ಕೇಳಿ ನಗದಿರಲಾರೆ ಎಂದು ಬರೆದ, ನಮ್ಮ ಪುರುಷ ವ್ಯವಸ್ಥೆಯನ್ನು ರದ್ದುಮಾಡುವಷ್ಟು ದಡ್ಡರು ನಾವಲ್ಲ ಎಂದ. ಅಬಿಗೇಲ್ ಅಲ್ಲಿಗೇ ಬಿಡಲಿಲ್ಲ. ಅದೇ ತಿಂಗಳ 27ರಂದು ಗೆಳತಿ ಮರ್ಸಿ ಓಟಿಸ್ ವಾರೆನ್‌ಗೆ ಬರೆದು, ನಾವಿಬ್ಬರೂ ಸೇರಿ ಕಾಂಗ್ರೆಸ್ಸಿಗೆ ಮನವಿ ಸಲ್ಲಿಸೋಣವೇ ಎಂದು ಕೇಳಿದಳು. ಮೂರು ಪತ್ರಗಳನ್ನೂ ಒಟ್ಟಿಗೆ ಇಟ್ಟಾಗಲೇ ಸಂಭಾಷಣೆ ಪೂರ್ತಿಯಾಗುವುದು.

ನಂಬಿಕೆಯ ಪ್ರಶ್ನೆಗೆ ಇನ್ನೊಂದು ಉದಾಹರಣೆ. 1775ರ ಜುಲೈನಲ್ಲಿ ಆಡಮ್ಸ್ ಬರೆದ ಕೆಲವು ಪತ್ರಗಳನ್ನು ಹೊತ್ತು ಹೊರಟಿದ್ದ ಯುವಕನೊಬ್ಬ ಬ್ರಿಟಿಷರ ಕೈಗೆ ಸಿಕ್ಕಿಬಿದ್ದ. ಪತ್ರಗಳು ಬಾಸ್ಟನ್ನಿನ ಪತ್ರಿಕೆಯಲ್ಲಿ ಬಯಲಾದವು. ಅವುಗಳಲ್ಲೊಂದರಲ್ಲಿ ಆಡಮ್ಸ್, ಹೆಸರು ಹೇಳದೆ, ಸಹಸದಸ್ಯ ಜಾನ್ ಡಿಕಿನ್ಸನ್‌ನನ್ನು ದೊಡ್ಡ ಸಂಪತ್ತು ಮತ್ತು ಕ್ಷುಲ್ಲಕ ಪ್ರತಿಭೆಯ ಮನುಷ್ಯ ಎಂದು ಹೀಗಳೆದಿದ್ದ. ಅದೇ ವರ್ಷದ ಸೆಪ್ಟೆಂಬರ್ 16ರ ಆಡಮ್ಸ್‌ನ ದಿನಚರಿಯಲ್ಲಿ, ಫಿಲಡೆಲ್ಫಿಯಾದ ಚೆಸ್ಟ್‌ನಟ್ ಬೀದಿಯಲ್ಲಿ ಡಿಕಿನ್ಸನ್ ಎದುರಾದದ್ದೂ, ಮೊಣಕೈ ತಾಗುವಷ್ಟು ಹತ್ತಿರ ಬಂದರೂ ಆತ ಹ್ಯಾಟು, ತಲೆ, ಕೈ ಯಾವುದನ್ನೂ ಆಡಿಸದೆ ಹಾದುಹೋದದ್ದೂ, ತಾನು ಹ್ಯಾಟು ತೆಗೆದು ವಂದಿಸಿದ್ದೂ ದಾಖಲಾಗಿದೆ. ಪರಹಸ್ತಕ್ಕೆ ಬಿದ್ದ ಪತ್ರ ಒಂದು ಕಡೆ, ಯಾರಿಗೂ ತೋರಿಸದ ದಿನಚರಿ ಇನ್ನೊಂದು ಕಡೆ. ಎರಡೂ ಪರಸ್ಪರ ಸಾಕ್ಷಿ ಹೇಳುತ್ತವೆ. ಇಂತಹ ಅಡ್ಡಪರೀಕ್ಷೆಗೆ ಅವಕಾಶವಿರುವ ಕಡೆಗಳಲ್ಲಿ ನಂಬಿಕೆ ಬಲವಾಗುತ್ತದೆ. ಪತ್ರಗಳು ದಾರಿಯಲ್ಲಿ ಬಯಲಾಗಬಹುದೆಂಬ ಅರಿವು ಆ ಕಾಲದವರ ಬರಹದ ಮೇಲೂ ಒತ್ತಿದೆ: ಎಷ್ಟೋ ಕಡೆ ಹೆಸರುಗಳಿಲ್ಲ, ಅಬಿಗೇಲ್ ಪೋರ್ಷಿಯಾ ಎಂದು ಸಹಿ ಹಾಕುತ್ತಾಳೆ, ಕಾಂಗ್ರೆಸ್ ಸದಸ್ಯ ಜೇಮ್ಸ್ ಲವೆಲ್ ಗುಪ್ತಲಿಪಿಯಲ್ಲಿ ಬರೆದದ್ದನ್ನು ಬಿಡಿಸಲಾಗದೆ ಆಡಮ್ಸ್ ತೊಳಲಾಡುತ್ತಾನೆ.

ಎರಡೂವರೆ ಲಕ್ಷ ಪುಟ ಎಂದಾಕ್ಷಣ ಎಲ್ಲವೂ ಇಲ್ಲಿದೆ ಎಂದು ಭಾವಿಸಬಾರದು. ಜಾನ್ ಆಡಮ್ಸ್‌ನ ಯೌವನದ ಒಂದು ದಿನಚರಿ ತುಣುಕು ಈ ಸಂಗ್ರಹದಲ್ಲಿ ಇರಲೇ ಇಲ್ಲ. 1961ರ ಸಂಪುಟಗಳು ಬಂದ ಮೇಲೆ ಅದು ವರ್ಮಾಂಟ್ ರಾಜ್ಯದಲ್ಲಿ, ಒಂದು ಕಾಲಕ್ಕೆ ಆಡಮ್ಸ್‌ನ ಮಗಳನ್ನು ಮದುವೆಯಾಗಲು ಬಯಸಿದ್ದ ರಾಯಲ್ ಟೈಲರ್‌ನ ಕುಟುಂಬದ ಕಾಗದಗಳ ನಡುವೆ ಸಿಕ್ಕಿ, 1966ರಲ್ಲಿ ಪ್ರತ್ಯೇಕವಾಗಿ ಅಚ್ಚಾಯಿತು. ಅಬಿಗೇಲ್ ತನ್ನ ಅಕ್ಕ ಮೇರಿ ಕ್ರಾಂಚ್‌ಗೆ ಬರೆದ ಪತ್ರಗಳ ದೊಡ್ಡ ಗುಚ್ಛ ಇರುವುದು ವೂಸ್ಟರ್‌ನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿಯಲ್ಲಿ. ಕಳುಹಿಸಿದ ಪತ್ರ ಸೇರುವುದು ಪಡೆದವರ ಮನೆಗೆ ತಾನೇ? ಆದ್ದರಿಂದಲೇ ಸಂಪಾದಕರು ನೂರಾರು ಗ್ರಂಥಾಲಯಗಳಿಂದ ಛಾಯಾಪ್ರತಿ ತರಿಸಿ ತಾಳೆ ಹಾಕಿದ್ದಾರೆ.

ಇದಕ್ಕಿಂತ ದೊಡ್ಡ ಕೊರತೆ ಬೇರೆಯಿದೆ. ಆ ಮನೆಯ ಕೆಲಸ ಮಾಡಿದವರು ಇಲ್ಲಿ ಇತರರ ಕೈಬರಹದಲ್ಲೇ ಕಾಣುತ್ತಾರೆ. ಅಬಿಗೇಲಳ ತಂದೆ ಪಾದ್ರಿ ವಿಲಿಯಂ ಸ್ಮಿತ್‌ನ ಮನೆಯಲ್ಲಿ ಫೀಬಿ ಎಂಬ ಗುಲಾಮ ಹೆಂಗಸಿದ್ದಳು. 1783ರಲ್ಲಿ ಆತ ತೀರಿಕೊಂಡಾಗ ಉಯಿಲಿನ ಪ್ರಕಾರ ಬಿಡುಗಡೆ ಪಡೆದು, ಆಡಮ್ಸರು ಯುರೋಪಿನಲ್ಲಿದ್ದಾಗ ಅವರ ಮನೆಯನ್ನು ನೋಡಿಕೊಂಡಳು. ಆಕೆಯ ಬಗ್ಗೆ ತಿಳಿಯುವುದು ಹೆಚ್ಚುಕಡಿಮೆ ಅಬಿಗೇಲ್ ಮತ್ತು ಆಕೆಯ ಬಂಧುಗಳ ಪತ್ರಗಳಿಂದ. 1797ರ ಫೆಬ್ರವರಿಯ ಒಂದು ಪತ್ರದಲ್ಲಿ ಅಬಿಗೇಲ್ ತನ್ನ ಮನೆಯಲ್ಲಿದ್ದ ಜೇಮ್ಸ್ ಎಂಬ ಕಪ್ಪು ಹುಡುಗನನ್ನು ಶಾಲೆಗೆ ಕಳುಹಿಸಿದ್ದನ್ನೂ, ನೆರೆಯವನೊಬ್ಬ ಆಕ್ಷೇಪಿಸಿದಾಗ ಹುಡುಗ ಉಳಿದವರಷ್ಟೇ ಸ್ವತಂತ್ರ, ಮುಖ ಕಪ್ಪೆಂಬ ಒಂದೇ ಕಾರಣಕ್ಕೆ ವಿದ್ಯೆ ನಿರಾಕರಿಸುವುದೇ ಎಂದು ತಾನು ಕೇಳಿದ್ದನ್ನೂ ಗಂಡನಿಗೆ ವಿವರಿಸಿದ್ದಾಳೆ. ಆ ದೃಶ್ಯದಲ್ಲಿ ಆಕೆಯ ನ್ಯಾಯಬುದ್ಧಿ ಸ್ಪಷ್ಟವಾಗಿದೆ, ಮೆಚ್ಚಲೇಬೇಕು. ಜೇಮ್ಸ್‌ನ ಮಾತು ಮಾತ್ರ ಆಕೆಯ ಲೇಖನಿಯ ಮೂಲಕವೇ ನಮಗೆ ತಲುಪುತ್ತದೆ. ತಾವು ಪಾಠದಲ್ಲಿ ಈ ಪತ್ರವನ್ನು ಬಳಸಿದರೆ ಇದನ್ನೂ ವಿದ್ಯಾರ್ಥಿಗಳ ಗಮನಕ್ಕೆ ತರಬೇಕೆಂದು ಕೋರುತ್ತೇನೆ.

ಇಲ್ಲಿಂದ ಓದುವುದು ಈಗ ಕಷ್ಟವಿಲ್ಲ, ಖರ್ಚೂ ಇಲ್ಲ. ಜಾನ್ ಮತ್ತು ಅಬಿಗೇಲರ ಪತ್ರಗಳು, ಜಾನ್‌ನ ದಿನಚರಿ ಮತ್ತು ಆತ್ಮಕಥೆ ಮೂಲಪುಟಗಳ ಚಿತ್ರ ಹಾಗೂ ಲಿಪ್ಯಂತರ ಸಮೇತ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯ ಜಾಲತಾಣದಲ್ಲಿವೆ. ಸಂಪಾದಿತ ಸಂಪುಟಗಳನ್ನೂ ಅಡಿಟಿಪ್ಪಣಿಗಳೊಂದಿಗೆ ಅಲ್ಲೇ ತೆರೆದಿಟ್ಟಿದ್ದಾರೆ. ಜಾನ್ ಕ್ವಿನ್ಸಿಯ ದಿನಚರಿಯ ಎಲ್ಲ 51 ಸಂಪುಟಗಳ ಚಿತ್ರಗಳು ಅಲ್ಲಿವೆ, ಲಿಪ್ಯಂತರವೂ ಸೇರುತ್ತಾ ಬಂದಿದೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರ 2013ರಲ್ಲಿ ಆರಂಭಿಸಿದ ಫೌಂಡರ್ಸ್ ಆನ್‌ಲೈನ್‌ನಲ್ಲಿ ಆಡಮ್ಸರ ಜೊತೆಗೆ ವಾಷಿಂಗ್ಟನ್, ಫ್ರಾಂಕ್ಲಿನ್, ಜೆಫರ್ಸನ್, ಮ್ಯಾಡಿಸನ್, ಹ್ಯಾಮಿಲ್ಟನ್ ಇವರ ಪತ್ರಗಳನ್ನೂ ಒಟ್ಟಿಗೇ ಹುಡುಕಬಹುದು. ಜಗಳವಾಡಿ ದೂರವಾಗಿದ್ದ ಆಡಮ್ಸ್ ಮತ್ತು ಜೆಫರ್ಸನ್ 1812ರಲ್ಲಿ ಮತ್ತೆ ಬರೆಯತೊಡಗಿ, 1826ರ ಜುಲೈ 4ರಂದು ಒಂದೇ ದಿನ ತೀರಿಕೊಳ್ಳುವ ವರ್ಷದವರೆಗೆ ಮುಂದುವರಿಸಿದ ಪತ್ರ ವ್ಯವಹಾರದ ಎರಡೂ ಬದಿ ಅಲ್ಲಿ ಸಿಗುತ್ತದೆ.

ಹುಡುಕುವಾಗ ಕಾಲದ ಕಾಗುಣಿತವನ್ನು ಬಳಸಬೇಕು. ನಮಗೆ ಹತ್ತಿರದ ಉದಾಹರಣೆ ಹೈದರಾಲಿಯದು. ಮೈಸೂರು ಸೈನ್ಯ ಕರ್ನಾಟಿಕ್ ಪ್ರಾಂತದಲ್ಲಿ ಬ್ರಿಟಿಷರನ್ನು ಬಗ್ಗುಬಡಿಯುತ್ತಿದ್ದ ವರ್ಷಗಳಲ್ಲಿ ಆಡಮ್ಸ್ ನೆದರ್ಲೆಂಡ್ಸ್‌ನಲ್ಲಿ ಸಾಲ ಮತ್ತು ಮಾನ್ಯತೆಗಾಗಿ ಓಡಾಡುತ್ತಿದ್ದ. ಬ್ರಿಟನ್ನಿನ ಬಲ ಎಲ್ಲಿ ಕುಗ್ಗಿದರೂ ಅದು ಅಮೆರಿಕಕ್ಕೆ ಮುಖ್ಯವಾಗಿದ್ದರಿಂದ ಭಾರತದ ಯುದ್ಧದ ಸುದ್ದಿಯೂ ಆತನ ಪತ್ರ ವ್ಯವಹಾರದಲ್ಲಿ ಬರುತ್ತದೆ. ಅಮೆರಿಕನ್ನರು ಆ ಹೆಸರನ್ನು ಎಷ್ಟು ಬಲ್ಲವರಾಗಿದ್ದರೆಂದರೆ, 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ನೌಕೆಯನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಯುದ್ಧನೌಕೆಗೆ ಅದೇ ಹೆಸರಿತ್ತು. ಇಂದಿನ ಕಾಗುಣಿತದಲ್ಲಿ ಹುಡುಕಿದರೆ ಹೆಚ್ಚೇನೂ ಸಿಗದು. ಆ ನೌಕೆಯ ಹೆಸರಿನಲ್ಲಿದ್ದಂತೆ ಹೈಡರ್ ಆಲಿ ಎಂದು, ಕೊನೆಯ ಭಾಗದಲ್ಲಿ ಎರಡು ಎಲ್ ಮತ್ತು ವೈ ಹಾಕಿ ಹುಡುಕಿ ನೋಡಬೇಕು.

ತರಗತಿಗೆ ನಾನು ಸೂಚಿಸುವುದು ಮಾರ್ಚ್ 31ರ ಪತ್ರವನ್ನೇ. ಮೂಲಪುಟದ ಚಿತ್ರವನ್ನು ಪರದೆಯ ಮೇಲೆ ಹಾಕಿ, ಸೊಸೈಟಿಯ ಲಿಪ್ಯಂತರವನ್ನು ಕೈಗೆ ಕೊಟ್ಟು, 1876ರ ಮೊಮ್ಮಗನ ಅಚ್ಚಿನೊಂದಿಗೆ ಸಾಲು ಸಾಲಾಗಿ ಹೋಲಿಸಲು ಹೇಳಬಹುದು. ಆ ಹಳೆಯ ಪುಸ್ತಕಕ್ಕೆ ಹಕ್ಕುಸ್ವಾಮ್ಯದ ಅಡ್ಡಿಯಿಲ್ಲ, ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕಾಗುಣಿತ ಎಲ್ಲಿ ಬದಲಾಯಿತು, ವಾಕ್ಯ ಎಲ್ಲಿ ತುಂಡಾಯಿತು, ಯಾವುದಾದರೂ ಸಾಲು ಬಿಟ್ಟುಹೋಗಿದೆಯೇ ಎಂದು ಅವರೇ ಗುರುತಿಸಲಿ. ಎರಡನೆಯ ದಿನಕ್ಕೆ ಜುಲೈ 3ರ ಎರಡು ಪತ್ರಗಳನ್ನು ಇಟ್ಟುಕೊಂಡು, ತಮ್ಮ ಹಳೆಯ ಸಂಕಲನದ ಪಾಠ ಯಾವ ಪತ್ರದ ಯಾವ ಭಾಗದಿಂದ ಬಂದಿದೆ ಎಂದು ಬಿಡಿಸಲು ಹೇಳಿ. ಆ ಸಂಕಲನವನ್ನು ದಯವಿಟ್ಟು ಎಸೆಯಬೇಡಿ. ಈ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ.